ವ್ಯಾಕರಣ ಸರಿ, ಅಂಕಿ ತಪ್ಪು: ಕೋಲಾರದ ಒಂದು ಪತ್ರಿಕೋದ್ಯಮ ತರಗತಿಯ ಪ್ರಕರಣ

ಇದು ಕೋಲಾರ ಜಿಲ್ಲೆಯ ಒಂದು ಪತ್ರಿಕೋದ್ಯಮ ವಿಭಾಗದಲ್ಲಿ ನಡೆದದ್ದು. ಸ್ನಾತಕೋತ್ತರ ತರಗತಿ, ಎರಡನೇ ಸೆಮಿಸ್ಟರ್. ವಿಭಾಗದವರು ಹೊರತರುವ ಪ್ರಾಯೋಗಿಕ ಪತ್ರಿಕೆಯ ಕೆಲಸಕ್ಕೆ ನೆರವಾಗಲು ನಾನು ಆಗಾಗ ಅಲ್ಲಿಗೆ ಹೋಗುತ್ತಿದ್ದೆ. ಸಂಸ್ಥೆ, ಅಧ್ಯಾಪಕರು, ವಿದ್ಯಾರ್ಥಿನಿ, ಅವಳ ಊರು, ಆ ಊರಿನ ಕೆರೆ ಯಾವುದರ ಹೆಸರನ್ನೂ ಇಲ್ಲಿ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಡೆದ ಸಂಗತಿಯನ್ನು ಬದಲಿಸಿಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಪತ್ರಿಕೋದ್ಯಮ ಕಲಿಸುವ, ಅದರ ಜೊತೆಗೇ ಇಂಗ್ಲಿಷನ್ನೂ ಕಲಿಸಬೇಕಾದ ಅಧ್ಯಾಪಕರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ತರಗತಿಯಲ್ಲಿ ಹೆಚ್ಚಿನವರು ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಮಾಲೂರು ಕಡೆಯ ಹಳ್ಳಿಗಳವರು. ಕೆಜಿಎಫ್‌ನಿಂದ ಇಬ್ಬರು ಬರುತ್ತಿದ್ದರು. ಈ ಭಾಗದ ಮಕ್ಕಳ ಭಾಷೆಯ ಸ್ಥಿತಿಯೇ ಬೇರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಲವರ ಮನೆಯಲ್ಲಿ ಉರ್ದು, ಕೆಜಿಎಫ್ ಕಡೆಯವರಿಗೆ ತಮಿಳು. ಸಂತೆಯಲ್ಲಿ ಇವೆಲ್ಲ ಕಲೆಸಿ ಮಾತಾಡುತ್ತಾರೆ. ಹಾಗಾಗಿ ಇಂಗ್ಲಿಷ್ ಇವರಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ. ‘ಈ ಮಕ್ಕಳಿಗೆ ಭಾಷೆ ಬರಲ್ಲ’ ಎಂಬ ಮಾತನ್ನು ಸಿಬ್ಬಂದಿ ಕೊಠಡಿಗಳಲ್ಲಿ ಬಹಳ ಸಲ ಕೇಳಿದ್ದೇನೆ. ಮೂರು ಭಾಷೆಯಲ್ಲಿ ಚೌಕಾಸಿ ಮಾಡಬಲ್ಲ ಹುಡುಗನ ಬಗ್ಗೆ ಹಾಗೆ ಹೇಳುವುದು ಅನ್ಯಾಯ.

ವಿಭಾಗದಲ್ಲಿ ಎರಡು ಪಠ್ಯವಿಷಯಗಳು ಅಕ್ಕಪಕ್ಕ ನಡೆಯುತ್ತಿದ್ದವು. ವರದಿಗಾರಿಕೆಯನ್ನು ಪತ್ರಿಕೋದ್ಯಮದ ಮೇಷ್ಟ್ರು ಪಾಠ ಮಾಡುತ್ತಿದ್ದರು. ಇಂಗ್ಲಿಷ್ ಸಂವಹನ ಕೌಶಲಕ್ಕೆ ಇಂಗ್ಲಿಷ್ ವಿಭಾಗದಿಂದ ಒಬ್ಬ ಮೇಡಂ ಬರುತ್ತಿದ್ದರು. ಇಬ್ಬರೂ ಒಳ್ಳೆಯ ಅಧ್ಯಾಪಕರು. ಆದರೆ ಒಬ್ಬರ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಕಲಿಸುತ್ತಿದ್ದ ವಾರದಲ್ಲೇ ಮೇಡಂ ಕರ್ಮಣಿ ಪ್ರಯೋಗ ಕಲಿಸುತ್ತಿದ್ದರು. ವೇಳಾಪಟ್ಟಿಯೇ ಹಾಗಿತ್ತು, ಯಾರೂ ಬೇಕೆಂದು ಮಾಡಿದ್ದಲ್ಲ.

ಎರಡೂ ಸೇರುವ ಜಾಗ ಒಂದೇ ಇತ್ತು. ಪ್ರಾಯೋಗಿಕ ಪತ್ರಿಕೆಯ ಕೊನೆಯ ಪುಟ ಇಂಗ್ಲಿಷಿನದು. ಪ್ರತಿ ಸಂಚಿಕೆಯಲ್ಲೂ ಅದೇ ತಲೆನೋವು.

ಸಮಸ್ಯೆ

ಕನ್ನಡ ಪುಟಗಳು ಚೆನ್ನಾಗಿ ಬರುತ್ತಿದ್ದವು. ಟೊಮೆಟೊ ಮಂಡಿಯ ಹರಾಜು, ಹಾಲಿನ ಡೇರಿಯ ಜಗಳ, ರೇಷ್ಮೆಗೂಡಿನ ದರ, ಬಸ್ಸಿಲ್ಲದ ಊರಿನ ಕಾಲೇಜು ಹುಡುಗಿಯರು. ಹುಡುಗರು ಹೋಗಿ, ಕೇಳಿ, ನೋಡಿ ಬರೆಯುತ್ತಿದ್ದರು. ಇಂಗ್ಲಿಷ್ ಪುಟದಲ್ಲಿ ಮಾತ್ರ ಅದೇ ಹುಡುಗರು ‘ಜಾಗತೀಕರಣ’, ‘ಯುವಜನತೆ ಮತ್ತು ಸಾಮಾಜಿಕ ಜಾಲತಾಣ’ ಅಂತ ಎಲ್ಲಿಂದಲೋ ಎತ್ತಿದ ಪ್ರಬಂಧಗಳನ್ನು ಕೊಡುತ್ತಿದ್ದರು. ಅದರಲ್ಲಿ ಕೋಲಾರ ಇರುತ್ತಿರಲಿಲ್ಲ, ಒಬ್ಬ ಮನುಷ್ಯನೂ ಇರುತ್ತಿರಲಿಲ್ಲ.

ಮೇಷ್ಟ್ರು ಒಂದು ನಿಯಮ ತಂದರು. ಕನ್ನಡದಲ್ಲಿ ಬರೆದ ವರದಿಯನ್ನೇ ಇಂಗ್ಲಿಷಿನಲ್ಲೂ ಬರೆದು ಕೊಡಬೇಕು, ಬೇರೆ ವಿಷಯ ಬೇಡ. ಒಳ್ಳೆಯ ನಿಯಮ. ಆದರೆ ಅದರ ಬೆನ್ನಿಗೇ ಇನ್ನೊಂದು ತೊಂದರೆ ಬಂತು. ಹುಡುಗರು ಕನ್ನಡ ವರದಿಯನ್ನು ಮೊಬೈಲಿನ ಅನುವಾದಕ್ಕೆ ಹಾಕಿ ತರತೊಡಗಿದರು. ನೋಡುವುದಕ್ಕೆ ನುಣುಪಾದ ಇಂಗ್ಲಿಷ್. ಆದರೆ ‘ಈ ವಾಕ್ಯದ ಅರ್ಥ ಏನಪ್ಪಾ?’ ಎಂದು ಕೇಳಿದರೆ ಬರೆದವನಿಗೇ ಗೊತ್ತಿಲ್ಲ.

ಒಬ್ಬ ವಿದ್ಯಾರ್ಥಿನಿ ಮಾತ್ರ ಮೊಬೈಲ್ ಬಳಸದೆ ಕೈಯಲ್ಲೇ ಬರೆದು ತಂದಳು. ಈ ಪ್ರಕರಣದ ಕೇಂದ್ರ ಅವಳ ವರದಿ.

ಅವಳ ವಿಷಯ ಕೆ.ಸಿ. ವ್ಯಾಲಿ ನೀರು. ಕೋಲಾರದ ಹೊರಗಿನವರಿಗಾಗಿ ನಾಲ್ಕು ಮಾತು ಹೇಳಬೇಕು. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಗಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳೇ ಇಲ್ಲಿನ ಬೇಸಾಯದ ಆಧಾರ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಅದೇ ಕೆ.ಸಿ. ವ್ಯಾಲಿ) ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಪೈಪಿನಲ್ಲಿ ತಂದು ಇಲ್ಲಿನ ಕೆರೆಗಳಿಗೆ ತುಂಬಿಸುವ ಯೋಜನೆಯನ್ನು ಸಣ್ಣ ನೀರಾವರಿ ಇಲಾಖೆ ಮಾಡಿತು. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈನಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಯೋಜನೆಯ ಮೊದಲ ಹಂತದ ಗುರಿ ದಿನಕ್ಕೆ 440 ಮಿಲಿಯನ್ ಲೀಟರ್. ಅಂತರ್ಜಲ ಹೆಚ್ಚಲಿ ಎಂಬುದು ಉದ್ದೇಶ, ನೇರವಾಗಿ ಕುಡಿಯುವುದಕ್ಕಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಒತ್ತಾಯ ಜಿಲ್ಲೆಯಲ್ಲಿ ಇದ್ದೇ ಇದೆ.

ಈ ಹುಡುಗಿಯ ಊರಿನ ಕೆರೆಗೂ ಆ ನೀರು ಬಂದಿತ್ತು. ಅವಳ ಕನ್ನಡ ವರದಿ ತುಂಬಾ ಚೆನ್ನಾಗಿತ್ತು. ಬತ್ತಿದ್ದ ಬೋರ್‌ವೆಲ್‌ಗಳು, ಬೇಸಿಗೆಯ ವಾಸನೆ, ಮೀನು ಹಿಡಿಯುವ ಗುತ್ತಿಗೆಯ ವಿಚಾರ, ಫಿಲ್ಟರ್ ನೀರಿನ ಘಟಕದ ಮುಂದಿನ ಕ್ಯಾನ್‌ಗಳ ಸಾಲು ಎಲ್ಲ ಇತ್ತು. ಹೊಗಳಿಕೆ ಇರಲಿಲ್ಲ, ಬೈಗುಳವೂ ಇರಲಿಲ್ಲ.

ಇಂಗ್ಲಿಷಿನ ವರದಿ ಓದಿದರೆ ಬೇರೆ ಯಾರೋ ಬರೆದ ಹಾಗಿತ್ತು.

ಮೊದಲು ಮಾಡಿದ್ದು

ಮೇಷ್ಟ್ರು ಅದನ್ನು ಮೇಡಂ ಅವರಿಗೆ ತಿದ್ದಲು ಕೊಟ್ಟರು. ಮೇಡಂ ಕೆಂಪು ಪೆನ್ನಿನಲ್ಲಿ ತಿದ್ದಿದರು. ‘ಎ’, ‘ದಿ’ ಬಿಟ್ಟುಹೋದಲ್ಲಿ ಸೇರಿಸಿದರು, ಕಾಲ ತಪ್ಪಿದ ಕ್ರಿಯಾಪದಗಳನ್ನು ಸರಿ ಮಾಡಿದರು. ಪುಟದ ತುಂಬಾ ಕೆಂಪು. ಹುಡುಗಿ ಅದನ್ನು ಹಾಗೇ ನಕಲು ಮಾಡಿ ತಂದಳು. ಎರಡು ವಾರ ಬಿಟ್ಟು ಇನ್ನೊಂದು ವರದಿ ಬರೆದಾಗ ಅವೇ ತಪ್ಪುಗಳು ಇದ್ದವು.

ಇದು ಎಲ್ಲರ ಕಥೆಯೂ ಹೌದು. ವ್ಯಾಕರಣದ ಕಿರುಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವುದರಲ್ಲಿ ತರಗತಿ ಚೆನ್ನಾಗಿಯೇ ಮಾಡಿತ್ತು. ವರದಿಗೆ ಕೂತರೆ ಅದು ಕೈಗೆ ಬರುತ್ತಿರಲಿಲ್ಲ.

ಆಗ ಒಂದು ಮಾತು ಬಂತು: ಇಂಗ್ಲಿಷ್ ಪುಟವನ್ನೇ ನಿಲ್ಲಿಸೋಣ. ಕನ್ನಡ ಪತ್ರಿಕೆಗಳಿಗೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಯಾಕೆ? ಮೇಷ್ಟ್ರು ಒಪ್ಪಲಿಲ್ಲ. ಅವರ ಕಾರಣ ನನಗೆ ಸರಿ ಅನ್ನಿಸಿತು. ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತವನ ಮುಂದೆ ದಿನವೂ ಬರುವುದು ಪಿಟಿಐ ಎಂಬ ಸುದ್ದಿ ಸಂಸ್ಥೆಯ ಸುದ್ದಿ, ಅದು ಇಂಗ್ಲಿಷಿನಲ್ಲಿರುತ್ತದೆ. ಹೈಕೋರ್ಟಿನ ಆದೇಶ ಇಂಗ್ಲಿಷಿನಲ್ಲಿರುತ್ತದೆ. ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಧ್ಯಯನವೂ ಇಂಗ್ಲಿಷಿನಲ್ಲೇ ಇದೆ. ಆ ನೀರು ಯಾರ ಊರಿನ ಕೆರೆಯಲ್ಲಿದೆಯೋ ಅವರು ಓದಲಾಗದ ಭಾಷೆಯಲ್ಲಿ ಅದರ ಕಾಗದಪತ್ರ ಇದೆ. ಅದನ್ನು ಓದಿ ಊರಿಗೆ ಹೇಳಬಲ್ಲವರು ಈ ತರಗತಿಯಿಂದಲೇ ಬರಬೇಕು, ಅಲ್ವಾ? ಅಂಥವರು ಬೇರೆಲ್ಲಿಂದ ಬರುತ್ತಾರೆ?

ಪುಟ ಉಳಿಯಿತು. ಒಂದು ತೀರ್ಮಾನ ಆಯಿತು: ಮುಂದಿನ ಸಂಚಿಕೆಯ ಇಂಗ್ಲಿಷ್ ಪುಟವನ್ನು ಇಬ್ಬರೂ ಒಂದೇ ತರಗತಿಯಲ್ಲಿ ಕೂತು ನೋಡುವುದು. ವಾರಕ್ಕೆ ಒಂದು ದಿನ ಇಬ್ಬರ ಅವಧಿಯನ್ನೂ ಸೇರಿಸಿಕೊಂಡರು.

ತಿರುವು

ಮೊದಲ ಜಂಟಿ ತರಗತಿಗೆ ಕೆರೆಯ ವರದಿಯನ್ನೇ ಮತ್ತೆ ತಂದರು. ಮೊದಲು ತಿದ್ದಿದ್ದ ಪ್ರತಿ ಬಿಟ್ಟು, ಹುಡುಗಿ ತಾನೇ ಬರೆದಿದ್ದ ಹಳೆಯ ಪ್ರತಿಯನ್ನು ಬೋರ್ಡಿನ ಮೇಲೆ ಬರೆದರು. ಅವಳ ಒಪ್ಪಿಗೆ ಕೇಳಿಯೇ ಬರೆದರು. ಈ ಹೆಜ್ಜೆ ಮುಖ್ಯ. ಕೇಳದೆ ಬರೆದಿದ್ದರೆ ಅವಳು ಮುಂದಿನ ವಾರ ಬರುತ್ತಿರಲಿಲ್ಲ ಅಂತ ಈಗಲೂ ನನಗನ್ನಿಸುತ್ತದೆ.

ಮೇಡಂ ಕೆ.ಸಿ. ವ್ಯಾಲಿ ಬಗ್ಗೆ ಹೆಚ್ಚು ತಿಳಿದವರಲ್ಲ, ಬೇರೆ ಜಿಲ್ಲೆಯವರು. ಒಂದು ವಾಕ್ಯದ ಮುಂದೆ ನಿಂತು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು: ‘ಫಾರ್ಟಿ ಫೋರ್ ಮಿಲಿಯನ್ ಲೀಟರ್ಸ್ ಅಂದ್ರೆ ಎಷ್ಟು ನೀರಮ್ಮಾ? ಒಂದು ಕೆರೆ ತುಂಬುತ್ತಾ?’

‘ಒಂದು ಕೆರೆಗಲ್ಲ ಮೇಡಂ, ಜಿಲ್ಲೆಗೆಲ್ಲಾ ಸೇರಿ ದಿನಕ್ಕೆ ಬರೋದು’ ಎಂದಳು ಹುಡುಗಿ. ಹೇಳುತ್ತಾ ಬೋರ್ಡಿಗೆ ಬಂದು ಸೊನ್ನೆಗಳನ್ನು ಬರೆದಳು. ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ. 44 ಮಿಲಿಯನ್ ಅಂದರೆ ನಾಲ್ಕು ಕೋಟಿ ನಲವತ್ತು ಲಕ್ಷ. ಅಲ್ಲಿಗೆ ನಿಂತಳು. ಅವಳ ಕನ್ನಡ ವರದಿಯಲ್ಲಿ ಇದ್ದದ್ದು ದಿನಕ್ಕೆ 44 ಕೋಟಿ ಲೀಟರ್, ಅಂದರೆ 440 ಮಿಲಿಯನ್. ಅಂಕಿಯನ್ನು ಹಾಗೇ ಇಟ್ಟು ಕೋಟಿಯ ಜಾಗಕ್ಕೆ ಮಿಲಿಯನ್ ಹಾಕಿದ್ದಳು. ಹತ್ತು ಪಟ್ಟು ಕಡಿಮೆ.

‘ಸಾರ್, ಇದು ತಪ್ಪಾಗಿದೆ’ ಎಂದಳು. ಯಾರೂ ಅವಳಿಗೆ ತೋರಿಸಿಕೊಟ್ಟಿರಲಿಲ್ಲ.

ಆಗ ಮೇಷ್ಟ್ರು ಹಿಂದೆ ಕೆಂಪು ಪೆನ್ನಿನಲ್ಲಿ ತಿದ್ದಿದ್ದ ಪ್ರತಿಯನ್ನು ತೆಗೆದು ನೋಡಿದರು. ಆ ವಾಕ್ಯದ ಮೇಲೆ ಒಂದೂ ಗುರುತು ಇರಲಿಲ್ಲ. ವ್ಯಾಕರಣದ ಪ್ರಕಾರ ಅದು ಇಡೀ ವರದಿಯ ಅತ್ಯಂತ ಶುದ್ಧ ವಾಕ್ಯ. ಕೆಂಪು ತುಂಬಿದ್ದ ವಾಕ್ಯಗಳಲ್ಲಿ ವಿಷಯ ಸರಿಯಾಗಿಯೇ ಇತ್ತು. ಭಾಷೆ ತಿದ್ದುವವರು ಭಾಷೆ ನೋಡಿದ್ದರು, ಸುದ್ದಿ ನೋಡುವವರು ‘ಇಂಗ್ಲಿಷ್ ಮೇಡಂ ನೋಡಿದ್ದಾರಲ್ಲ’ ಎಂದು ಬಿಟ್ಟಿದ್ದರು. ಎರಡು ಕೈ ದಾಟಿ ತಪ್ಪು ಅಂಕಿ ಅಚ್ಚಿಗೆ ಹೋಗುವುದರಲ್ಲಿತ್ತು.

ಇಬ್ಬರೂ ಅಲ್ಲೇ ಒಂದು ನಿರ್ಧಾರ ಮಾಡಿದರು. ಇನ್ನು ಮುಂದೆ ತಿದ್ದುವುದಿಲ್ಲ. ವರದಿಯ ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆಯುವುದು. ಪತ್ರಿಕೆಯ ಡೆಸ್ಕಿನಲ್ಲಿ ಒಳ್ಳೆಯ ಉಪಸಂಪಾದಕರು ಮಾಡುವುದೂ ಇದನ್ನೇ. ಪ್ರಶ್ನೆ ಯಾವ ಭಾಷೆಯಲ್ಲಿ ಬೇಕಾದರೂ ಇರಬಹುದು, ಉತ್ತರ ಬಂದ ಮೇಲೆ ವಾಕ್ಯವನ್ನು ಇಂಗ್ಲಿಷಿನಲ್ಲಿ ಹುಡುಗಿಯೇ ಬರೆಯಬೇಕು. ಪುಟದ ಗಡುವನ್ನು ಒಂದು ವಾರ ಮುಂದೆ ಹಾಕಿದರು. ಗಡುವು ಮುರಿಯುವುದನ್ನು ಪತ್ರಿಕೋದ್ಯಮದವರು ಸುಲಭಕ್ಕೆ ಒಪ್ಪುವುದಿಲ್ಲ. ಮೇಷ್ಟ್ರು ಒಪ್ಪಿದ್ದು ದೊಡ್ಡ ವಿಷಯ.

ಪ್ರಶ್ನೆಗಳು ಮಾಡಿದ್ದು

ಎರಡನೇ ವಾಕ್ಯಕ್ಕೆ ಬಂದರು. ‘ಫಿಶ್ ಡೈಡ್ ಇನ್ ದಿ ಟ್ಯಾಂಕ್.’ ಅಂಚಿನಲ್ಲಿ ಮೇಷ್ಟ್ರ ಪ್ರಶ್ನೆ: ಸತ್ತದ್ದನ್ನು ನೋಡಿದವರು ಯಾರು? ಹುಡುಗಿ ನೋಡಿರಲಿಲ್ಲ, ಊರಿನ ಇಬ್ಬರು ಹೇಳಿದ್ದರು. ಕನ್ನಡ ವರದಿಯಲ್ಲಿ ಅದನ್ನು ಊರಿನವರ ಮಾತಾಗಿಯೇ ಬರೆದಿದ್ದಳು. ಇಂಗ್ಲಿಷಿಗೆ ಬರುವಾಗ ಹೇಳಿದವರು ಬಿಟ್ಟುಹೋಗಿ, ಮೀನು ಸತ್ತದ್ದು ಖಚಿತವಾದ ಸಂಗತಿ ಆಗಿಬಿಟ್ಟಿತ್ತು. ಸುಮ್ನೆ ಒಂದು ವಾಕ್ಯ ಅನ್ನಿಸಬಹುದು. ಆದರೆ ನ್ಯಾಯಾಲಯದವರೆಗೆ ಹೋದ ವಿಷಯದಲ್ಲಿ, ಮೀನಿನ ಗುತ್ತಿಗೆ ಹಿಡಿದವನ ಬದುಕು ಇರುವ ಕೆರೆಯಲ್ಲಿ, ಅದು ಸಣ್ಣದಲ್ಲ. ಮೀನುಗಾರಿಕೆ ಇಲಾಖೆಯವರನ್ನು ಕೇಳಬೇಕು, ಗುತ್ತಿಗೆದಾರನನ್ನು ಕೇಳಬೇಕು. ಕೇಳುವ ತನಕ ‘ಇಬ್ಬರು ಗ್ರಾಮಸ್ಥರು ಹೇಳಿದರು’ ಎಂದೇ ಇರಬೇಕು. ಅಲ್ಲಿಂದ ಮೇಡಂ, ಇನ್ನೊಬ್ಬರು ಹೇಳಿದ ಮಾತನ್ನು ಇಂಗ್ಲಿಷಿನಲ್ಲಿ ವರದಿ ಮಾಡುವ ವ್ಯಾಕರಣವನ್ನು ಕಲಿಸಿದರು. ‘ಸೆಡ್’ ಯಾವಾಗ, ‘ಟೋಲ್ಡ್’ ಯಾವಾಗ, ಕಾಲ ಯಾಕೆ ಹಿಂದಕ್ಕೆ ಸರಿಯುತ್ತದೆ. ಅದೇ ಪಾಠವನ್ನು ಸೆಮಿಸ್ಟರಿನ ಶುರುವಿನಲ್ಲಿ ಮಾಡಿದ್ದರು. ಈ ಸಲ ತರಗತಿಗೆ ಅದು ಬೇಕಾಗಿತ್ತು, ಅದಕ್ಕೇ ತಲೆಗೆ ಹತ್ತಿತು.

ಇನ್ನೊಂದು ಉದಾಹರಣೆ. ಒಬ್ಬ ವಯಸ್ಸಾದ ರೈತರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದಳು. ನಾವು ಸರ್ಕಾರಕ್ಕೆ ಅತ್ಯಂತ ಕೃತಜ್ಞರಾಗಿದ್ದೇವೆ ಎಂಬ ಅರ್ಥದ, ಭಾಷಣದಂಥ ಇಂಗ್ಲಿಷ್. ‘ತಾತ ಹೀಗೆ ಹೇಳಿದ್ರಾ?’ ಅಂತ ಮೇಡಂ ಕೇಳಿದರು. ಇಲ್ಲ. ತಾತ ತೆಲುಗಿನಲ್ಲಿ ಎರಡು ಮಾತು ಹೇಳಿದ್ದರು. ಅವನ್ನು ಇಂಗ್ಲಿಷಿನಲ್ಲಿ ಹಾಗೇ ಇಟ್ಟರೆ ತೀರಾ ಬಡಕಲಾಗಿ ಕಾಣುತ್ತದೆ ಅಂತ ಇವಳೇ ಸ್ವಲ್ಪ ಬಣ್ಣ ಹಚ್ಚಿದ್ದಳು. ತರಗತಿಯಿಂದಲೇ ಸ್ಪೀಕರ್ ಹಾಕಿ ಅವರಿಗೆ ಫೋನ್ ಮಾಡಿಸಿದರು. ತಾತ ಮತ್ತೆ ಹೇಳಿದರು: ಬೋರಿನಲ್ಲಿ ನೀರು ಬಂತು, ಬೆಳೆಗೆ ಬಿಡ್ತೀವಿ. ಕುಡಿಯೋಕೆ ಮಾತ್ರ ಫಿಲ್ಟರ್ ನೀರೇ ತರ್ತೀವಿ. ಇಡೀ ಯೋಜನೆಯ ಮೇಲಿನ ಚರ್ಚೆ ಆ ಎರಡು ಮಾತಿನಲ್ಲಿತ್ತು. ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ, ಏನೂ ಸೇರಿಸದೆ ಬರೆಯುವುದಕ್ಕೆ ತರಗತಿ ಅರ್ಧ ಗಂಟೆ ತೆಗೆದುಕೊಂಡಿತು. ಆ ಅರ್ಧ ಗಂಟೆಯಲ್ಲಿ ಕಲಿತದ್ದು ಜಾಸ್ತಿ. ಸರಳ ಇಂಗ್ಲಿಷ್ ಅಂದರೆ ಕಡಿಮೆ ದರ್ಜೆಯ ಇಂಗ್ಲಿಷ್ ಎಂಬ ನಾಚಿಕೆ ಈ ಮಕ್ಕಳಲ್ಲಿ ಆಳವಾಗಿದೆ. ದೊಡ್ಡ ಪದಗಳ ಹಿಂದೆ ಅವರು ಓಡುವುದು ಆ ನಾಚಿಕೆಯಿಂದ.

ವಾಕ್ಯದ ಕಟ್ಟಿನ ಸಮಸ್ಯೆ ಬೇರೆ. ಕನ್ನಡದಲ್ಲಿ ‘ಎರಡು ವರ್ಷದ ಹಿಂದೆ ತುಂಬಿದ ಕೆರೆಯ ಪಕ್ಕದ, ಬತ್ತಿಹೋಗಿದ್ದ ನಾಲ್ಕು ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂದಿದೆ ಎಂದು ರೈತರು ಹೇಳುತ್ತಾರೆ’ ಎಂದರೆ ಎಲ್ಲವೂ ಸಲೀಸಾಗಿ ಒಂದರ ಹಿಂದೆ ಒಂದು ಕೂರುತ್ತದೆ. ಕ್ರಿಯೆ ಕೊನೆಗೆ ಬರುತ್ತದೆ, ನಾವು ಕಾಯುತ್ತೇವೆ. ಅದೇ ಕ್ರಮದಲ್ಲಿ ಇಂಗ್ಲಿಷಿಗೆ ಹೋದರೆ ‘ವಿಚ್’ ಮೇಲೆ ‘ವಿಚ್’ ಬಿದ್ದು ವಾಕ್ಯ ಸಿಕ್ಕಾಗುತ್ತದೆ. ಮೇಡಂ ಕೊಟ್ಟ ಉಪಾಯ ಸುಲಭ. ಮೊದಲು ಯಾರು, ಏನು ಮಾಡಿದರು ಎಂಬುದನ್ನು ನಾಲ್ಕೈದು ಪದದಲ್ಲಿ ಬರಿ. ‘ಫೋರ್ ಬೋರ್‌ವೆಲ್ಸ್ ಹ್ಯಾವ್ ವಾಟರ್ ಅಗೇನ್, ಫಾರ್ಮರ್ಸ್ ಸೇ.’ ಉಳಿದದ್ದಕ್ಕೆ ಮುಂದಿನ ವಾಕ್ಯ ಇದೆ. ಸುದ್ದಿಯ ಮೊದಲ ವಾಕ್ಯಕ್ಕೆ ಮೇಷ್ಟ್ರು ಹೇಳುತ್ತಿದ್ದದ್ದೂ ಇದೇ. ಇಬ್ಬರೂ ಒಂದೇ ಪಾಠವನ್ನು ಬೇರೆ ಬೇರೆ ಹೆಸರಿನಲ್ಲಿ ಮಾಡುತ್ತಿದ್ದರು ಎಂಬುದು ತರಗತಿಗೆ ಆಗ ಗೊತ್ತಾಯಿತು.

ಮೊಬೈಲ್ ಅನುವಾದವನ್ನು ನಿಷೇಧಿಸಬೇಕೆ ಎಂಬ ಚರ್ಚೆಯೂ ಆಯಿತು. ನಿಷೇಧಿಸಲಿಲ್ಲ. ಬದಲಿಗೆ, ಯಾವ ವಾಕ್ಯವನ್ನು ತೋರಿಸಿದರೂ ‘ಇದನ್ನು ಯಾರು ಹೇಳಿದರು, ನಿನಗೆ ಹೇಗೆ ಗೊತ್ತು’ ಎಂಬುದಕ್ಕೆ ನಿಂತು ಉತ್ತರ ಕೊಡಬೇಕು ಎಂದರು. ಉತ್ತರ ಇಲ್ಲದ ವಾಕ್ಯ ಪುಟಕ್ಕೆ ಹೋಗುವುದಿಲ್ಲ. ಕೆಲವೇ ವಾರಗಳಲ್ಲಿ ಅನುವಾದದ ವರದಿಗಳು ಕಡಿಮೆಯಾದವು. ಪೂರ್ತಿ ನಿಲ್ಲಲಿಲ್ಲ.

ಓದುವ ಕಡೆಗೆ

ಇದಾದ ಮೇಲೆ ಜಂಟಿ ತರಗತಿ ಇಂಗ್ಲಿಷ್ ದಾಖಲೆಗಳನ್ನು ಓದುವ ಕಡೆಗೆ ತಿರುಗಿತು. ಯೋಜನೆಗೆ ಸಂಬಂಧಿಸಿದ ಸರ್ಕಾರಿ ಇಂಗ್ಲಿಷಿನ ಒಂದು ಪ್ಯಾರಾ ಕೊಟ್ಟು, ಕ್ರಿಯಾಪದಕ್ಕೆ ಮೊದಲು ಗೆರೆ ಹಾಕಿ, ಆಮೇಲೆ ಆ ಕೆಲಸ ಮಾಡುವವರು ಯಾರು ಅಂತ ಹುಡುಕಿ ಎನ್ನುವುದು. ಕರ್ಮಣಿ ಪ್ರಯೋಗದಲ್ಲಿ ಮಾಡುವವರ ಹೆಸರು ಅಡಗಿರುತ್ತದೆ. ‘ನೀರಿನ ಗುಣಮಟ್ಟವನ್ನು ಪರೀಕ್ಷಿಸಲಾಗುವುದು’ ಎಂಬಂಥ ವಾಕ್ಯ ಕಂಡರೆ ‘ಯಾರು ಪರೀಕ್ಷಿಸುತ್ತಾರೆ, ಎಷ್ಟು ದಿನಕ್ಕೊಮ್ಮೆ’ ಎಂಬ ಪ್ರಶ್ನೆ ಏಳಬೇಕು. ಆ ಪ್ರಶ್ನೆಯನ್ನು ಇಟ್ಟುಕೊಂಡು ಇಬ್ಬರು ವಿದ್ಯಾರ್ಥಿಗಳು ಮಾಹಿತಿ ಹಕ್ಕಿನ ಅರ್ಜಿ ಬರೆದರು. 2005ರ ಕಾಯ್ದೆಯ ಪ್ರಕಾರ ಕನ್ನಡದಲ್ಲೇ ಅರ್ಜಿ ಕೊಡಬಹುದು, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇಷ್ಟರಲ್ಲಿ ಕೇಳಬೇಕು ಎಂಬ ಕಟ್ಟುಪಾಡು ಬರವಣಿಗೆಗೆ ಒಳ್ಳೆಯ ಅಭ್ಯಾಸ.

ಮೇಡಂ ಒಂದು ದಿನ ಡಿವಿಜಿಯವರ ವಿಷಯ ತೆಗೆದರು. ಮುಳಬಾಗಿಲಿನಲ್ಲಿ ಹುಟ್ಟಿದ ಅವರು 1913ರಲ್ಲಿ ಶುರು ಮಾಡಿದ ‘ಕರ್ನಾಟಕ’ ಇಂಗ್ಲಿಷ್ ಪತ್ರಿಕೆ. ಮುಳಬಾಗಿಲಿನ ಹುಡುಗರಿಗೇ ಅದು ಗೊತ್ತಿರಲಿಲ್ಲ. ಅವರಿಗೆ ಡಿವಿಜಿ ಕಗ್ಗದ ಕವಿ ಮಾತ್ರ.

ಏನಾಯಿತು

ಕೆರೆಯ ವರದಿ ತಡವಾಗಿ ಪ್ರಕಟವಾಯಿತು. ಮೊದಲಿಗಿಂತ ಅರ್ಧದಷ್ಟು ಉದ್ದ. 440 ಮಿಲಿಯನ್ ಲೀಟರ್ ಎಂಬ ಅಂಕಿಯ ಪಕ್ಕದಲ್ಲಿ ಅದು ಯೋಜನೆಯ ಗುರಿ ಎಂಬುದನ್ನೂ ಬರೆದಿದ್ದಳು. ದಿನವೂ ಅಷ್ಟು ಬರುತ್ತದೆ ಎಂದಲ್ಲ. ಈ ಎಚ್ಚರ ಅವಳ ಕನ್ನಡ ವರದಿಯಲ್ಲಿ ಇರಲಿಲ್ಲ, ಇಂಗ್ಲಿಷಿನ ಪ್ರಶ್ನೆಗಳಿಂದ ಬಂತು. ಮೀನಿನ ಸಂಗತಿಯನ್ನು ಖಚಿತಪಡಿಸಿಕೊಳ್ಳಲು ಆಗಲಿಲ್ಲ, ಅದನ್ನು ಕೈಬಿಟ್ಟರು. ಎರಡು ಕಡೆ ‘ದಿ’ ಬಿಟ್ಟುಹೋಗಿತ್ತು. ಅದನ್ನು ಮೇಡಂ ಕೊನೆಯ ಪ್ರೂಫಿನಲ್ಲಿ ಸೇರಿಸಿದರು.

ಎಲ್ಲರಿಗೂ ಹೀಗಾಗಲಿಲ್ಲ. ಮೂರ್ನಾಲ್ಕು ಜನ ಕೊನೆಯವರೆಗೂ ಇಂಗ್ಲಿಷ್ ವರದಿ ಬರೆಯಲು ಹಿಂಜರಿದರು. ಅವರಲ್ಲೊಬ್ಬನ ಕನ್ನಡ ವರದಿಗಾರಿಕೆ ತರಗತಿಗೇ ಒಳ್ಳೆಯದು. ಅವನಿಗೆ ಮೇಷ್ಟ್ರು ಬರೆಯುವ ಒತ್ತಡ ಬಿಟ್ಟು, ಇಂಗ್ಲಿಷ್ ಏಜೆನ್ಸಿ ಸುದ್ದಿಯನ್ನು ಓದಿ ಕನ್ನಡಕ್ಕೆ ತರುವ ಕೆಲಸ ಕೊಟ್ಟರು. ಅದರಲ್ಲಿ ಅವನು ಬೇಗ ಮುಂದೆ ಬಂದ. ಕೆಲವರು ಇದನ್ನು ರಿಯಾಯಿತಿ ಅಂದರು. ನನಗೆ ಹಾಗನ್ನಿಸಲಿಲ್ಲ. ಅವನು ಹೋಗುವ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಅದು. ಓದಿ ಸರಿಯಾಗಿ ಅರ್ಥ ಮಾಡಿಕೊಳ್ಳುವ ಶಕ್ತಿ ಬಂದರೆ ಬರೆಯುವುದು ನಂತರ ಬರಬಹುದು. ಓದಲು ಬಾರದೆ ಬರೆಯುವುದಂತೂ ಬರುವುದಿಲ್ಲ.

ಕೆರೆಯ ಹುಡುಗಿ ಈಗ ಬೆಂಗಳೂರಿನ ಒಂದು ಸುದ್ದಿ ಸಂಸ್ಥೆಯ ಕನ್ನಡ ವಿಭಾಗದಲ್ಲಿದ್ದಾಳೆ. ಲಕ್ಷ, ಕೋಟಿ, ಮಿಲಿಯನ್ ಬಂದ ಸುದ್ದಿಯನ್ನು ಪಕ್ಕದವರು ಅವಳ ಹತ್ತಿರ ಒಮ್ಮೆ ತೋರಿಸಿಕೊಳ್ಳುತ್ತಾರೆ ಎಂದು ಮೇಷ್ಟ್ರಿಗೆ ಹೇಳಿದ್ದಳು.

ಬೇರೆ ಕಡೆ ಮಾಡುವವರಿಗೆ

ಈ ಪ್ರಕರಣದಿಂದ ನಾನು ತೆಗೆದುಕೊಂಡದ್ದು ಮುಖ್ಯವಾಗಿ ಒಂದು. ವರದಿಯಲ್ಲಿ ಭಾಷೆಯ ತಪ್ಪನ್ನೂ ಸುದ್ದಿಯ ತಪ್ಪನ್ನೂ ಬೇರೆ ಬೇರೆಯವರು ಬೇರೆ ಬೇರೆ ದಿನ ನೋಡಿದರೆ ಎರಡರ ನಡುವೆ ತಪ್ಪು ನುಸುಳುತ್ತದೆ. ಜಂಟಿ ತರಗತಿಗೆ ಹೆಚ್ಚುವರಿ ಹಣ ಬೇಕಾಗಲಿಲ್ಲ, ಹೊಸ ಸಲಕರಣೆಯೂ ಬೇಕಾಗಲಿಲ್ಲ. ಇಬ್ಬರು ಅಧ್ಯಾಪಕರು ವಾರಕ್ಕೊಮ್ಮೆ ಒಂದೇ ಕೊಠಡಿಯಲ್ಲಿ ಕೂರಲು ಒಪ್ಪಬೇಕಿತ್ತು. ಇಂಗ್ಲಿಷ್ ಅಧ್ಯಾಪಕರಿಗೆ ಸ್ಥಳೀಯ ವಿಷಯ ಗೊತ್ತಿಲ್ಲದಿರುವುದು ಇಲ್ಲಿ ಅನುಕೂಲವೇ ಆಯಿತು. ಅವರು ಓದುಗರ ಜಾಗದಲ್ಲಿ ನಿಂತು ಕೇಳಿದರು, ವಿದ್ಯಾರ್ಥಿ ವಿವರಿಸುವ ಜಾಗಕ್ಕೆ ಬಂದಳು.

ಆದರೆ ತೊಂದರೆ ಇರುವುದು ಪರೀಕ್ಷೆಯಲ್ಲಿ. ಸೆಮಿಸ್ಟರಿನ ಕೊನೆಯಲ್ಲಿ ಇಂಗ್ಲಿಷ್ ಪರೀಕ್ಷೆಗೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳೇ ಬಂದವು, ವರದಿಗಾರಿಕೆಯ ಪರೀಕ್ಷೆ ಎಂದಿನಂತೆ ಬೇರೆಯಾಗಿ ನಡೆಯಿತು. ಜಂಟಿ ತರಗತಿಯಲ್ಲಿ ಮಾಡಿದ ಕೆಲಸಕ್ಕೆ ಆಂತರಿಕ ಅಂಕಗಳಲ್ಲಿ ಮಾತ್ರ ಜಾಗ ಸಿಕ್ಕಿತು. ಇಂಗ್ಲಿಷ್ ಪರೀಕ್ಷೆಯ ಅಂಕಗಳ ಒಂದು ಭಾಗವನ್ನು ಪ್ರಕಟವಾದ ವರದಿ ಮತ್ತು ಅದರ ಪ್ರಶ್ನೋತ್ತರದ ಪ್ರತಿಯ ಮೇಲೆ ನಿರ್ಧರಿಸಬೇಕು ಎಂದು ಇಬ್ಬರೂ ಸೇರಿ ಪಠ್ಯಕ್ರಮ ನಿರ್ಧರಿಸುವ ಅಧ್ಯಯನ ಮಂಡಳಿಗೆ ಬರೆದರು. ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿಯವರೆಗೆ ವಿಭಾಗ ಪ್ರತಿ ಇಂಗ್ಲಿಷ್ ವರದಿಯ ಜೊತೆ ಅಂಚಿನ ಪ್ರಶ್ನೆಗಳಿರುವ ಹಳೆಯ ಪ್ರತಿಯನ್ನೂ ಕಡತದಲ್ಲಿ ಇಡುತ್ತಿದೆ. ಮುಂದಿನ ಬ್ಯಾಚಿನವರು ಮೊದಲ ವಾರ ಓದುವುದು ಆ ಕಡತವನ್ನು.